ಕ್ರೈಂ ಬೀಟು ಬಿಡದೆ ಚಿಕಿತ್ಸೆ ಪಡೆಯಬಹುದೇ?

ಪ್ರಶ್ನೆ: ಬಹಳ ವರ್ಷಗಳಿಂದ ಕ್ರೈಂ ವರದಿಗಾರನಾಗಿದ್ದೇನೆ. ಕಳೆದ ವರ್ಷ ಶಾಲಾ ಬಾಲಕನೊಬ್ಬನ ಕೊಲೆಯ ವರದಿ ಮಾಡಿದೆ. ವೆಬ್‌ಸೈಟಿಗಾಗಿ ಅದರ ವಿಡಿಯೊಗಳನ್ನು ಬ್ಲರ್ ಮಾಡುವ ಕೆಲಸವೂ ನನ್ನ ಪಾಲಿಗೇ ಬಂತು. ಅಂದಿನಿಂದ ಶವಾಗಾರದ ಮುಂದಿನ ರಸ್ತೆ ತಪ್ಪಿಸಿ ಸುತ್ತುಬಳಸಿ ಮನೆಗೆ ಹೋಗುತ್ತೇನೆ. ರಾತ್ರಿ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತದೆ. ಮಗನನ್ನು ಟ್ಯೂಷನ್ನಿಗೆ ಒಬ್ಬನನ್ನೇ ಕಳಿಸಲಾರೆ. ಎರಡು ಪೆಗ್ ಇಲ್ಲದೆ ನಿದ್ದೆಯಿಲ್ಲ. ಆ ಹುಡುಗನ ತಾಯಿಯ ಮುಂದೆ ಮೊಬೈಲ್ ಹಿಡಿದು ‘ಈಗ ಏನ್ ಅನ್ನಸ್ತೈತ್ರಿ’ ಎಂದು ಕೇಳಿದ್ದೆ, ಅದು ಮರೆಯುತ್ತಿಲ್ಲ. ಹೆಂಡತಿ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗೋಣ ಎನ್ನುತ್ತಾಳೆ. ಅಲ್ಲಿ ನನ್ನ ಮುಖ ಪರಿಚಯವಿದೆ, ಸುದ್ದಿ ಹೊರಬಿದ್ದರೆ ಬೀಟು ಕೈತಪ್ಪುತ್ತದೆ. ಮೇಲಾಗಿ ಮಗನನ್ನು ಕಳೆದುಕೊಂಡವರು ಅವರು, ನನಗೇನಾಗಿದೆ ಎಂದು ಚಿಕಿತ್ಸೆ ಕೇಳಲಿ? ಮುಂದಿನ ತಿಂಗಳು ಕೋರ್ಟಿನಲ್ಲಿ ಸಾಕ್ಷಿ ವಿಚಾರಣೆ ಆರಂಭ. ಅದನ್ನೂ ನಾನೇ ಬರೆಯಬೇಕು. ಏನು ಮಾಡಲಿ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಬೀಟು ಕೈತಪ್ಪುವ ಭಯಕ್ಕಿಂತ ‘ನನಗೇನಾಗಿದೆ’ ಎಂಬ ಸಂಕೋಚವೇ ನಿಮ್ಮನ್ನು ಇಷ್ಟು ದಿನ ತಡೆದಿದೆ ಎಂದು ನನಗೆ ಅನ್ನಿಸುತ್ತದೆ. ಆ ತಾಯಿಯ ದುಃಖಕ್ಕೂ ನಿಮ್ಮ ಸ್ಥಿತಿಗೂ ಹೋಲಿಕೆಯಿಲ್ಲ, ನಿಜ. ಆದರೆ ಚಿಕಿತ್ಸೆಯೇನು ಯಾರ ನೋವು ಹೆಚ್ಚು ಎಂದು ತೂಗಿ ಹಂಚುವ ರೇಷನ್ ಅಲ್ಲ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪರಿಷ್ಕರಿಸಿದ ರೋಗನಿರ್ಣಯ ಕೈಪಿಡಿಯು, ಘಟನೆ ತಮ್ಮ ಮೇಲೆ ನಡೆಯದಿದ್ದರೂ ಅದರ ಭೀಕರ ವಿವರಗಳನ್ನು ಮತ್ತೆ ಮತ್ತೆ ಎದುರಿಸಬೇಕಾದವರನ್ನೂ ಪಿಟಿಎಸ್‌ಡಿ, ಅಂದರೆ ಆಘಾತೋತ್ತರ ಒತ್ತಡದ ಕಾಯಿಲೆಯ ವ್ಯಾಪ್ತಿಗೆ ಸೇರಿಸಿದೆ. ಟಿವಿಯಲ್ಲೋ ಫೋನಿನಲ್ಲೋ ನೋಡಿದ್ದನ್ನು ಅದು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಉದ್ಯೋಗದ ಭಾಗವಾಗಿ ನೋಡಿದ್ದರೆ ಮಾತ್ರ ಹಿಡಿಯುತ್ತದೆ. ನಿಮ್ಮದು ಅಂಥ ಉದ್ಯೋಗವೇ. ಓದುಗರ ಕಣ್ಣಿಗೆ ಬೀಳಬಾರದೆಂದು ಒಂದೊಂದೇ ಫ್ರೇಮಿನಲ್ಲಿ ಆ ಹುಡುಗನ ಮುಖವನ್ನು ಮಸುಕುಗೊಳಿಸಬೇಕಾದರೆ, ಮಸುಕಿಲ್ಲದ ಮುಖವನ್ನು ಯಾರಾದರೊಬ್ಬರು ನೋಡಲೇಬೇಕು. ನಿಮ್ಮ ಕಚೇರಿಯಲ್ಲಿ ಆ ಒಬ್ಬರು ನೀವಾಗಿದ್ದಿರಿ. ಮನೋವೈದ್ಯ ಆಂಥನಿ ಫೈನ್‌ಸ್ಟೀನ್ ಮತ್ತು ಸಂಗಡಿಗರು ಸುದ್ದಿಮನೆಯಲ್ಲಿ ಕುಳಿತು ಇಂಥ ದೃಶ್ಯಗಳನ್ನು ನೋಡುವ ಪತ್ರಕರ್ತರ ಬಗ್ಗೆ 2014ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಎಷ್ಟು ಹೊತ್ತು ನೋಡಿದರು ಎನ್ನುವುದಕ್ಕಿಂತ ಎಷ್ಟು ಸಲ ನೋಡಬೇಕಾಯಿತು ಎನ್ನುವುದೇ ಮನಸ್ಸನ್ನು ಹೆಚ್ಚು ಕಾಡುತ್ತದೆ ಎಂದು ಅದರಲ್ಲಿ ಕಂಡುಬಂತು.

ಪತ್ರ ಓದಿ ಕಾಯಿಲೆಗೆ ಹೆಸರಿಡುವುದು ಸರಿಯಲ್ಲ. ಆದರೆ ಇಂಥ ತೊಂದರೆಗಳು ಒಂದು ತಿಂಗಳು ಮೀರಿದರೆ ಮನೋವೈದ್ಯರ ಬಳಿ ಹೋಗಬೇಕು, ನಿಮಗೆ ವರ್ಷವೇ ಕಳೆಯುತ್ತಾ ಬಂದಿದೆ. ಆ ರಸ್ತೆಯ ವಿಷಯವನ್ನೇ ನೋಡಿ. ಸುತ್ತುಬಳಸಿ ಮನೆ ಸೇರಿದ ದಿನ ಮನಸ್ಸಿಗೆ ಹಗುರವೆನಿಸುತ್ತದೆ, ಆ ಹಗುರವೇ ‘ಅತ್ತ ಹೋಗಿದ್ದರೆ ಏನೋ ಆಗುತ್ತಿತ್ತು’ ಎಂಬ ಭಯವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಆಘಾತಕ್ಕೆಂದೇ ರೂಪುಗೊಂಡ ಮಾತಿನ ಚಿಕಿತ್ಸೆಗಳು ಈ ಸರಪಳಿಯನ್ನು ಕಡಿಯಲು ಯತ್ನಿಸುತ್ತವೆ. ಒಂದು ವಿಧಾನದಲ್ಲಿ ಚಿಕಿತ್ಸಕರ ಎದುರು ಕುಳಿತು ಆ ನೆನಪನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಮತ್ತೆ ಹೇಳುತ್ತೀರಿ, ಜೊತೆಗೆ ತಪ್ಪಿಸಿಕೊಳ್ಳುತ್ತಿರುವ ಜಾಗಗಳಿಗೆ ಸುಲಭದ್ದರಿಂದ ಆರಂಭಿಸಿ ಹಂತಹಂತವಾಗಿ ಹೋಗುತ್ತೀರಿ. ಇಎಂಡಿಆರ್ ಎಂಬ ಇನ್ನೊಂದರಲ್ಲಿ ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡು ಚಿಕಿತ್ಸಕರ ಬೆರಳಿನ ಚಲನೆಯನ್ನು ಕಣ್ಣಿನಿಂದ ಹಿಂಬಾಲಿಸಬೇಕಾಗುತ್ತದೆ. ಸಾಮಾನ್ಯವಾಗಿ 8ರಿಂದ 12 ಭೇಟಿಗಳು ಬೇಕಾಗುತ್ತವೆ. ಮೊದಲ ಕೆಲವು ವಾರ ಕನಸುಗಳು ಹೆಚ್ಚಾಗಬಹುದು, ಇದರಿಂದ ಉಪಯೋಗವಿಲ್ಲ ಎಂದು ಎರಡನೆಯ ಭೇಟಿಗೇ ಕೈಬಿಡುವವರಿದ್ದಾರೆ. ನೀವು ಹಾಗೆ ಮಾಡಬೇಡಿ. ಸುದ್ದಿಮೂಲಗಳ ಹೆಸರನ್ನಾಗಲಿ ಪೊಲೀಸರು ನಂಬಿ ಹೇಳಿದ್ದನ್ನಾಗಲಿ ಅಲ್ಲಿ ಬಾಯಿಬಿಡುವ ಅಗತ್ಯವಿಲ್ಲ, ಚಿಕಿತ್ಸೆಗೆ ಬೇಕಾದದ್ದು ನೀವು ಕಂಡದ್ದು ಮತ್ತು ಆಗ ನಿಮ್ಮೊಳಗೆ ನಡೆದದ್ದು.

ಆ ತಾಯಿಗೆ ಕೇಳಿದ ಪ್ರಶ್ನೆಯನ್ನು ನಾನು ಬೇರೆಯಾಗಿಯೇ ನೋಡುತ್ತೇನೆ. ‘ನಾನು ಬೇಗ ತಲುಪಿದ್ದರೆ ಹುಡುಗ ಉಳಿಯುತ್ತಿದ್ದ’ ಎಂಬಂಥ, ಬುಡವಿಲ್ಲದ ಅಪರಾಧಭಾವ ಈ ಸ್ಥಿತಿಯಲ್ಲಿ ಬಹಳ ಜನರಿಗೆ ಬರುತ್ತದೆ, ಚಿಕಿತ್ಸೆಯಲ್ಲಿ ಅದನ್ನು ಬಿಡಿಸಿ ನೋಡಿದಾಗ ಸಡಿಲವಾಗುತ್ತದೆ. ನಿಮ್ಮದು ಹಾಗಲ್ಲ. ಆ ಹೊತ್ತಿನಲ್ಲಿ ಆ ಪ್ರಶ್ನೆ ಕೇಳಬಾರದಿತ್ತು. ಡೆಸ್ಕಿನಿಂದ ಒತ್ತಡವಿತ್ತು, ಪಕ್ಕದಲ್ಲಿ ಇನ್ನೂ ನಾಲ್ಕು ಮೈಕುಗಳಿದ್ದವು ಎಂದೆಲ್ಲ ಹೇಳಬಹುದಾದರೂ ಅದು ನಿಮಗೇ ಒಪ್ಪಿಗೆಯಾಗುತ್ತಿಲ್ಲ ಎಂಬುದು ಪತ್ರದಲ್ಲೇ ಕಾಣುತ್ತದೆ. ಈ ಭಾರವನ್ನು ಒಳ್ಳೆಯ ಚಿಕಿತ್ಸಕರು ‘ಅದೇನೂ ತಪ್ಪಲ್ಲ ಬಿಡಿ’ ಎಂದು ಒರೆಸಿಹಾಕುವುದಿಲ್ಲ. ನಿಮ್ಮ ಪಾಲೆಷ್ಟು, ಪತ್ರಿಕೆಯ ಪಾಲೆಷ್ಟು, ಇನ್ನು ಮುಂದೆ ಏನನ್ನು ಮಾಡುವುದಿಲ್ಲ ಎಂದು ತೀರ್ಮಾನಿಸಲು ನಿಮ್ಮ ಜೊತೆ ಕೂರುತ್ತಾರೆ. ಮನಸ್ಸು ಹಗುರ ಮಾಡಿಕೊಳ್ಳಲು ಈಗಲೇ ಆ ಮನೆಗೆ ಕ್ಷಮೆ ಕೇಳಲು ಹೋಗಬೇಡಿ. ಅದು ಮತ್ತೊಮ್ಮೆ ನಿಮ್ಮ ಅನುಕೂಲಕ್ಕೆ ಅವರ ಬಾಗಿಲು ಬಡಿದಂತಾಗುತ್ತದೆ.

ಇನ್ನು ಡಿಮ್ಹಾನ್ಸ್. ಯಾರಾದರೂ ಸ್ವಲ್ಪ ವಿಚಿತ್ರವಾಗಿ ನಡೆದುಕೊಂಡರೆ ‘ಧಾರವಾಡಕ್ಕ ಕಳಸ್ಬೇಕ್ ನೋಡು’ ಎಂದು ನಗುವ ಚಾಳಿ ನಮ್ಮ ಕಡೆ ಇನ್ನೂ ಹೋಗಿಲ್ಲವಾದ್ದರಿಂದ ನಿಮ್ಮ ಅಂಜಿಕೆ ಅರ್ಥವಾಗುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ರೋಗಿಯ ಮಾಹಿತಿಯನ್ನು ಗೋಪ್ಯವಾಗಿಡಬೇಕು ಎನ್ನುತ್ತದೆ, 24ನೆಯದು ರೋಗಿಯ ಒಪ್ಪಿಗೆಯಿಲ್ಲದೆ ಫೋಟೊ, ವಿವರಗಳನ್ನು ಮಾಧ್ಯಮಕ್ಕೆ ಕೊಡಬಾರದು ಎನ್ನುತ್ತದೆ. ವರದಿಗಾರರಾದ ನಿಮಗೆ ಇದು ಎರಡೂ ಕಡೆಯಿಂದ ಅನ್ವಯಿಸುವ ಕಾನೂನು. ಆದರೂ ಕಾರಿಡಾರಿನಲ್ಲಿ ಎದುರಾಗುವ ಪರಿಚಯದವರ ಕಣ್ಣಿಗೆ ಕಾನೂನು ಅಡ್ಡ ನಿಲ್ಲದು. ಅಷ್ಟು ಮುಜುಗರವಾದರೆ ಪರಿಚಯವಿಲ್ಲದ ಊರಿನ ಮನೋವೈದ್ಯರನ್ನು ಕಾಣಿರಿ, ಗದಗವೋ ಹಾವೇರಿಯೋ ನಿಮಗೆ ದೂರವಲ್ಲ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬದುಕೇ ಬೇಡವೆಂಬ ಯೋಚನೆ ಬಂದಿದ್ದರೆ, ಪತ್ರದಲ್ಲಿ ನೀವು ಬರೆಯದಿದ್ದರೂ, ಇವತ್ತೇ ಹೆಂಡತಿಗೆ ಹೇಳಿ ಆ ನಂಬರಿಗೆ ಕರೆ ಮಾಡಿ.

ವೈದ್ಯರ ಮುಂದೆ ‘ನಿದ್ದೆ ಬರ್ತಿಲ್ಲ’ ಎಂದಷ್ಟೇ ಹೇಳಿ ಎದ್ದು ಬರಬೇಡಿ. ಹಾಗೆ ಹೇಳಿದವರ ಕೈಗೆ ನಿದ್ರೆ ಮಾತ್ರೆಯ ಚೀಟಿ ಬರುವ ಸಂಭವವೇ ಹೆಚ್ಚು, ಅದರ ಮೇಲೆ ಎರಡು ಪೆಗ್ ಸೇರಿದರೆ ಅಪಾಯ. ವಿಡಿಯೊ, ರಸ್ತೆ, ಮಗನ ಟ್ಯೂಷನ್, ಕುಡಿತ, ಎಲ್ಲವನ್ನೂ ಹೇಳಿ, ಆಘಾತಕ್ಕೆ ಮಾತಿನ ಚಿಕಿತ್ಸೆ ಕೊಡುವ ಮನಶ್ಶಾಸ್ತ್ರಜ್ಞರು ಇದ್ದಾರೆಯೇ ಎಂದು ಬಾಯಿಬಿಟ್ಟು ಕೇಳಿ. ಕೆಲವರಿಗೆ ಸರ್ಟ್ರಾಲಿನ್‌ನಂಥ ಮಾತ್ರೆಗಳೂ ಜೊತೆಗೆ ಬೇಕಾಗುತ್ತವೆ, ಅದನ್ನು ವೈದ್ಯರೇ ನಿರ್ಧರಿಸಲಿ.

ಬೀಟು ಬಿಡಬೇಕಾಗಿಲ್ಲ. ಸಂಪಾದಕರಿಗೆ ಕಾಯಿಲೆಯ ಹೆಸರನ್ನೂ ಹೇಳಬೇಕಾಗಿಲ್ಲ. ಹಿಂಸೆಯ ವಿಡಿಯೊ ನೋಡುವ ಕೆಲಸವನ್ನು ಒಬ್ಬರ ತಲೆಗೇ ಕಟ್ಟದೆ ಸರದಿಯಂತೆ ಹಂಚಬೇಕು ಎಂದು ಕೇಳಿದರೆ ಉಳಿದ ವರದಿಗಾರರೂ ನಿಮ್ಮ ಜೊತೆ ನಿಲ್ಲುವರು. ನಿಮ್ಮ ಸರದಿ ಬಂದಾಗ ಧ್ವನಿ ಆರಿಸಿ, ದೃಶ್ಯವನ್ನು ಪರದೆಯ ಮೂಲೆಯಲ್ಲಿ ಚಿಕ್ಕದಾಗಿಟ್ಟು, ಒಮ್ಮೆ ನೋಡಿ ಬರೆದುಕೊಂಡು ಮುಚ್ಚಿರಿ. ಕೋರ್ಟಿನ ಮಟ್ಟಿಗೆ, ಮರಣೋತ್ತರ ಪರೀಕ್ಷೆ ನಡೆಸಿದ ವೈದ್ಯರ ಮತ್ತು ಆ ತಾಯಿಯ ಸಾಕ್ಷ್ಯ, ಪಾಟೀಸವಾಲು ನಡೆಯುವ ದಿನಗಳನ್ನು ಸಹೋದ್ಯೋಗಿಗೆ ಬಿಟ್ಟುಕೊಡಿ. ಅಂತಿಮ ವಾದ ಮತ್ತು ತೀರ್ಪಿನ ಹೊತ್ತಿಗೆ ನೀವೇ ಹೋಗುವುದೋ ಬೇಡವೋ ಎಂಬುದನ್ನು ಚಿಕಿತ್ಸಕರ ಜೊತೆ ಕುಳಿತು ಆಗ ನಿರ್ಧರಿಸಿ.