ಕೈಮುಗಿದ ಚಿತ್ರಗಳು ಬರುತ್ತವೆ, ದೇಣಿಗೆ ಬರುವುದಿಲ್ಲ

ಪ್ರಶ್ನೆ: ನಮ್ಮೂರಿನ ಸರ್ಕಾರಿ ಶಾಲೆಯ ವಾಚನಾಲಯವನ್ನು ಹಳೆಯ ವಿದ್ಯಾರ್ಥಿಗಳ ಸಣ್ಣ ನೋಂದಾಯಿತ ಟ್ರಸ್ಟ್ ನಡೆಸುತ್ತಿದೆ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಇದ್ದರೂ ಮನವಿ ಹಾಕಿದಾಗ ಕೈಮುಗಿದ ಎಮೋಜಿ ಚಿತ್ರಗಳು ಬರುತ್ತವೆಯೇ ಹೊರತು ದೇಣಿಗೆ ಬರುವುದಿಲ್ಲ. ಅಮೆರಿಕದಲ್ಲಿರುವ ಸಹಪಾಠಿಗಳಿಂದ ಹಣ ಪಡೆಯಬಹುದೇ?
– ಓದುಗರೊಬ್ಬರು, ಸಾಗರ

ಉತ್ತರ: ಎಲ್ಲರಿಗೂ ಎಂದು ಹಾಕಿದ ಮನವಿಯನ್ನು ಓದಿದ ಪ್ರತಿಯೊಬ್ಬರೂ ಬೇರೆ ಯಾರಾದರೂ ಕೊಟ್ಟಾರು ಎಂದುಕೊಳ್ಳುತ್ತಾರೆ, ನಿಮ್ಮ ತೊಡಕಿನ ಮೂಲ ಇಲ್ಲಿದೆ ಎಂದು ನನಗನ್ನಿಸುತ್ತದೆ. 2014ರಲ್ಲಿ ಎಎಲ್ಎಸ್ ಎಂಬ ನರರೋಗದ ರೋಗಿಗಳಿಗಾಗಿ ಕೆಲಸ ಮಾಡುವ ಅಮೆರಿಕದ ಎಎಲ್ಎಸ್ ಸಂಘಕ್ಕೆ ಸುಮಾರು 11.5 ಕೋಟಿ ಡಾಲರ್ ತಂದುಕೊಟ್ಟ ‘ಐಸ್ ಬಕೆಟ್’ ಸವಾಲನ್ನು ನೆನಪಿಸಿಕೊಳ್ಳಿ. ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುವ ದೃಶ್ಯವೇ ಎಲ್ಲರ ಮನಸ್ಸಿನಲ್ಲಿ ಉಳಿದಿದೆಯಾದರೂ, ಅದು ಅಷ್ಟು ದೂರ ಹರಡಿದ್ದು, ನೀರು ಸುರಿದುಕೊಂಡವರು ತಮ್ಮ ಪರಿಚಯದ ಕೆಲವರನ್ನು ಹೆಸರು ಹಿಡಿದು ಕರೆದು 24 ಗಂಟೆಗಳ ಗಡುವು ಕೊಡುತ್ತಿದ್ದ ಕ್ರಮದಿಂದ. ನಿಮ್ಮಲ್ಲೂ ಪ್ರತಿ ಎಸ್ಸೆಸ್ಸೆಲ್ಸಿ ಬ್ಯಾಚಿನಿಂದ ಒಬ್ಬರು ಮುಂದೆ ಬಂದು, ತಮ್ಮ ಜೊತೆ ಓದಿದವರಿಗೆ ಒಬ್ಬೊಬ್ಬರಿಗೇ ಬರೆಯಲಿ.

‘ವಾಚನಾಲಯಕ್ಕೆ ನೆರವಾಗಿ’ ಎಂದು ಬರೆಯುವ ಬದಲು, ರಟ್ಟು ಕಿತ್ತು ‘ಸ’ಕಾರದಿಂದಾಚೆಗಿನ ಪುಟಗಳೇ ಉದುರಿಹೋದ ನಿಘಂಟಿನ ಚಿತ್ರವನ್ನೂ ಹೊಸ ಪ್ರತಿಯ ಬೆಲೆಯನ್ನೂ ಹಾಕಿ. ಪುಸ್ತಕ ಬಂದ ವಾರದೊಳಗೆ ಅಂಗಡಿಯ ಬಿಲ್ಲನ್ನು ಅದೇ ಗ್ರೂಪಿನಲ್ಲಿ ತೋರಿಸಿ. ಒಮ್ಮೆ ಕೊಟ್ಟವರು ಮತ್ತೊಮ್ಮೆ ಕೊಡುವಂತೆ ಮಾಡುವುದು ಆ ಬಿಲ್ಲು. ಆದರೆ ಮಕ್ಕಳನ್ನು ದೈನ್ಯದಿಂದ ನಿಲ್ಲಿಸಿ ತೆಗೆದ ಚಿತ್ರಗಳು ದಯವಿಟ್ಟು ಬೇಡ, ಏಕೆಂದರೆ ಅವು ಅದೇ ಊರಿನ ಫೋನುಗಳಲ್ಲಿ ವರ್ಷಗಟ್ಟಲೆ ಓಡಾಡುತ್ತಿರುತ್ತವೆ.

ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಮೂಡುವ ಹೆಸರು ಟ್ರಸ್ಟಿನದ್ದೇ ಆಗಿರಬೇಕು. ಕಾರ್ಯದರ್ಶಿಯ ಸ್ವಂತ ಹೆಸರು ಕಂಡರೆ, ಅವರು ಎಷ್ಟೇ ಪ್ರಾಮಾಣಿಕರಾದರೂ, ಕೊಡುವ ಬೆರಳು ಅಲ್ಲೇ ತಡೆಯುತ್ತದೆ. ನಿಮ್ಮ ಟ್ರಸ್ಟಿಗೆ 80ಜಿ ಮಾನ್ಯತೆ, ಅಂದರೆ ದಾನಿಗಳಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡಿಸುವ ಮಾನ್ಯತೆ, ಇದ್ದರೆ ದಾನಿಗಳ ಪ್ಯಾನ್ ಸಂಖ್ಯೆಯನ್ನು ಹಣ ಬಂದಾಗಲೇ ಕೇಳಿ ಬರೆದಿಡಿ. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಆ ರಿಯಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೂ ಅದು ಇಲ್ಲವಾದ್ದರಿಂದ, ರಿಯಾಯಿತಿಯನ್ನೇ ಮನವಿಯ ಮುಖ್ಯ ಆಕರ್ಷಣೆಯಾಗಿ ಇಡಬೇಡಿ.

ಅಮೆರಿಕದ ಸಹಪಾಠಿಗಳ ವಿಷಯದಲ್ಲಿ ತುಂಬಾ ಎಚ್ಚರ ಬೇಕು. ವಿದೇಶದಲ್ಲಿದ್ದರೂ ಭಾರತದ ಪೌರತ್ವವನ್ನು ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವ ಹಣ ಕಾನೂನಿನ ಕಣ್ಣಿನಲ್ಲಿ ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದವರು, ಭಾರತೀಯ ಮೂಲದ ವಿದೇಶಿ ಪೌರರಿಗೆ ಭಾರತ ಸರ್ಕಾರ ಕೊಡುವ ಒಸಿಐ ಕಾರ್ಡ್ ಹೊಂದಿದ್ದರೂ, 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ವಿದೇಶಿ ಮೂಲವೇ ಆಗುತ್ತಾರೆ. ಅವರಿಂದ ಹಣ ಪಡೆಯಲು ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಬೇಕು; ಆ ಹಣ ಮೊದಲು ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯಲ್ಲಿ ತೆರೆದ ಪ್ರತ್ಯೇಕ ಖಾತೆಗೇ ಬರಬೇಕು. ಆದ್ದರಿಂದ ಖಾತೆಯ ಸಂಖ್ಯೆಯನ್ನು ಕಳಿಸುವ ಮೊದಲು, ಎಷ್ಟೇ ಸಲುಗೆ ಇದ್ದರೂ, ನಿಮ್ಮ ಸ್ನೇಹಿತರ ಭಾರತೀಯ ಪಾಸ್‌ಪೋರ್ಟಿನ ಪ್ರತಿಯನ್ನು ತರಿಸಿಕೊಂಡು ಕಡತದಲ್ಲಿಡಿ.