ತಾನಾಗೇ ಬರುವ ಸುದ್ದಿ ಸಾಕಾ?

ಪ್ರಶ್ನೆ: ಅಕ್ಕಾ, ನಾನು ಮೊಬೈಲ್‌ನಲ್ಲಿ ನೋಡೋದು ಅಡುಗೆ, ರಂಗೋಲಿ ರೀಲ್ಸ್ ಅಷ್ಟೇ. ನಡುನಡುವೆ ರಾಜಕೀಯದವರ ಜಗಳ ಬರುತ್ತದೆ. ನಾನು ಹುಡುಕಿದ್ದೇ ಇಲ್ಲ, ಎಲ್ಲಿಂದ ಬರುತ್ತದೆ? 'ಸುದ್ದಿ ಫೋನಿಗೇ ಬರ್ತದ, ಪೇಪರ್ ಬಿಡಿಸೋಣ' ಅಂತಾರೆ ನಮ್ಮನೆಯವರು. ಸರೀನಾ?
– ಓದುಗರು, ಆಳಂದ

ಉತ್ತರ: ಪೇಪರ್ ಬಿಡಿಸಬೇಡಿ ತಂಗಿ.

ನೀವು ಹುಡುಕಿಲ್ಲ, ನಿಜ. ಆದರೆ ಜಗಳ ಬಂದಾಗ 'ಇದೇನಿದು' ಅಂತ ಬೆರಳು ನಿಂತಿರುತ್ತದೆ, ಅಲ್ವಾ? ಅಷ್ಟು ಸಾಕು. ಲೈಕ್ ಒತ್ತಬೇಕಂತಿಲ್ಲ. ಎಷ್ಟು ಹೊತ್ತು ನೋಡಿದಿರಿ, ಯಾರಿಗೆ ಕಳಿಸಿದಿರಿ ಅನ್ನೋದನ್ನು ಲೆಕ್ಕ ಇಟ್ಟೇ ಇನ್‌ಸ್ಟಾಗ್ರಾಂ ಮುಂದಿನದ್ದನ್ನು ತರುತ್ತದೆ. ವಾಟ್ಸಾಪ್ ಕಥೆ ಬೇರೆ. ಅಲ್ಲಿ ತರೋದು ಯಂತ್ರವಲ್ಲ, ಮೈದುನ! ಮೇಲೆ ಎರಡು ಬಾಣದ ಗುರುತಿದ್ದರೆ ಅದು ಬಹಳ ಕೈ ದಾಟಿ ಬಂದದ್ದು. ಮೂಲ ಯಾರದೆಂದು ಕಳಿಸಿದವರಿಗೂ ಗೊತ್ತಿರಲ್ಲ.

ರಾಜಕೀಯ ಅಂದರೆ ಮಾರು ದೂರ ಹೋಗುವವರ ಕಿವಿಗೂ ಹೀಗೆ ನಾಲ್ಕು ಮಾತು ಬೀಳುತ್ತವೆ. ಅದು ಒಳ್ಳೇದೇ. ತೊಂದರೆ ಇರೋದು 'ಸುದ್ದಿ ತಾನಾಗೇ ಬರುತ್ತೆ' ಅನ್ನೋ ನಂಬಿಕೆಯಲ್ಲಿ. ಹಾಗೆ ನಂಬಿ ಕೂತವರಿಗೆ ರಾಜಕೀಯದ ತಿಳಿವಳಿಕೆ ಕಡಿಮೆ ಅಂತ 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಹೇಳಿತ್ತು. ನಮ್ಮ ಪಕ್ಕದ ಮನೆಯಲ್ಲೇ ಒಬ್ಬ ಇದ್ದಾನೆ, ಪಿಯುಸಿ ಹುಡುಗ. ಯಾವ ಶಾಸಕ ಯಾರಿಗೆ ಏನು ಬೈದ, ಪಟಪಟ ಹೇಳುತ್ತಾನೆ. ಸಂವಿಧಾನದ 371(ಜೆ) ವಿಧಿಯಡಿ ರಾಜ್ಯಮಟ್ಟದ ಕಾಲೇಜುಗಳಲ್ಲೂ ಕಲ್ಯಾಣ ಕರ್ನಾಟಕದವರಿಗೆ ಶೇ 8 ಸೀಟು ಮೀಸಲು, ಅದಕ್ಕೆ ಸಹಾಯಕ ಆಯುಕ್ತರ ಕಚೇರಿಯಿಂದ ಪ್ರಮಾಣಪತ್ರ ಬೇಕು ಅಂದೆ. ಕಣ್ಣು ಕಣ್ಣು ಬಿಟ್ಟ. ಅವನ ಫೋನಿಗೆ ಅದು ಬಂದೇ ಇರಲಿಲ್ಲ. ಬೈಗುಳ ನೋಡಲು ಜನ ನಿಲ್ಲುತ್ತಾರೆ, ಪ್ರಮಾಣಪತ್ರ ನೋಡಲು ಯಾರು ನಿಲ್ಲುತ್ತಾರೆ?

ನಿಮ್ಮ ಕಡೆ ತೊಗರಿ ಜಾಸ್ತಿ. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಆದರೆ ಖರೀದಿ ಕೇಂದ್ರದಲ್ಲಿ ನೋಂದಣಿಗೆ ಕೊನೇ ದಿನ ಯಾವುದು ಅನ್ನೋದು ಪೇಪರಿನ ಜಿಲ್ಲಾ ಪುಟದ ಮೂಲೆಯಲ್ಲಿ ಬರುತ್ತದೆ. ನಿಮ್ಮ ಯಜಮಾನರಿಗೆ ಆ ಮೂಲೆ ತೋರಿಸಿ. ದುಡ್ಡಿನ ಮಾತು ತೆಗೆದರೆ, ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಪೇಪರ್ ಪುಕ್ಕಟೆ ಓದಬಹುದು ಅನ್ನಿ. ಇನ್ನು ಜಗಳದ ರೀಲ್ ಬೇಡವಾದರೆ, ಮೂರು ಚುಕ್ಕಿ ಒತ್ತಿ 'ನಾಟ್ ಇಂಟರೆಸ್ಟೆಡ್' ಆರಿಸಿ. ಒಂದೇ ಸಲಕ್ಕೆ ನಿಲ್ಲಲ್ಲ, ಬಂದಾಗೆಲ್ಲ ಒತ್ತಬೇಕು.