ದುಡ್ಡು ಬಂತು, ಮಗುವಿನ ಬಟ್ಟಲಿಗೆ ಏನು ಬಂತು?

ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: "ಊರೂರಿಗೆ ಡಾಂಬರು ರಸ್ತೆ ಬಂತು, ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಹಸಿದು ಮಲಗುವವರು ಈಗ ಎಲ್ಲಿದ್ದಾರೆ? ನಮ್ಮ ಮಕ್ಕಳು ಕುಳ್ಳಗಿರೋದು ವಂಶದಿಂದ. ಅದನ್ನೇ ಅಪೌಷ್ಟಿಕತೆ ಅಂತ ಬರೆಯಬೇಕಾ?"

ಮೊದಲು ವಂಶದ ಮಾತು ಮುಗಿಸೋಣ. ಮಕ್ಕಳ ಬೆಳವಣಿಗೆ ಅಳೆಯಲು ಈಗ ಬಳಸುವ ಅಳತೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿದ್ದು 2006ರಲ್ಲಿ. ಅದಕ್ಕಾಗಿ ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ ಮತ್ತು ಭಾರತದ ಮಕ್ಕಳನ್ನು ಅಳೆದರು. ನಮ್ಮ ದೇಶದಿಂದ ಆರಿಸಿದ್ದು ದಕ್ಷಿಣ ದೆಹಲಿಯ ಅನುಕೂಲಸ್ಥರ ಮಕ್ಕಳನ್ನು. ಎದೆಹಾಲು, ಒಳ್ಳೆ ಊಟ, ಆರೈಕೆ ಎಲ್ಲ ಸಿಕ್ಕಿದ್ದ ಆ ಮಕ್ಕಳು ಬೇರೆ ದೇಶದ ಮಕ್ಕಳಿಗೆ ಹೆಚ್ಚುಕಡಿಮೆ ಸಮಸಮವಾಗಿ ಬೆಳೆದಿದ್ದರು. ಹಾಗಿದ್ದಮೇಲೆ ನಮ್ಮ ಮಕ್ಕಳು ಕುಳ್ಳಗಿರುವುದಕ್ಕೆ ವಂಶವನ್ನು ದೂರಿದರೆ ಹೇಗೆ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 2005-06ರಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 48 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. 2019-21ರ ಹೊತ್ತಿಗೆ ಅದು 35.5ಕ್ಕೆ ಇಳಿಯಿತು. ಇಳಿದದ್ದು ಸಂತೋಷವೇ. ಆದರೆ ಅಷ್ಟರಲ್ಲಿ ದೇಶದ ಆರ್ಥಿಕತೆ ಎರಡು ಪಟ್ಟಿಗಿಂತ ಜಾಸ್ತಿ ಬೆಳೆದಿತ್ತು. ಬೆಂಗಳೂರನ್ನು ಇಟ್ಟುಕೊಂಡಿರುವ ಕರ್ನಾಟಕದಲ್ಲೂ 35.4. ದೇಶದ ತೀರಾ ಸ್ಥಿತಿವಂತರ ಮನೆಗಳಲ್ಲೂ ನೂರಕ್ಕೆ 23 ಮಕ್ಕಳು ಹೀಗಿದ್ದರು.

ಕಳೆದ ಬೇಸಿಗೆಯಲ್ಲಿ ನಮ್ಮ ಕಚೇರಿ ಪಕ್ಕ ಅಪಾರ್ಟ್‌ಮೆಂಟ್ ಏಳುತ್ತಿತ್ತು. ಮಧ್ಯಾಹ್ನ ಗಾರೆ ಕೆಲಸದ ಹೆಂಗಸೊಬ್ಬಳು ವರ್ಷದ ಮಗುವನ್ನು ಸಿಮೆಂಟ್ ಚೀಲದ ಮೇಲೆ ಕೂರಿಸಿ, ಟೀಯಲ್ಲಿ ಬಿಸ್ಕತ್ತು ಅದ್ದಿ ಬಾಯಿಗಿಡುತ್ತಿದ್ದಳು. "ಬೆಳಿಗ್ಗೆ ಮಾಡಿದ ಅನ್ನ ಗಟ್ಟಿ ಆಗಿರುತ್ತೆ ಸಾರ್. ಇದಾದ್ರೆ ಬೇಗ ನುಂಗ್ತಾನೆ" ಅಂದಳು. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರು. ಕೈಯಲ್ಲಿ ಕಾಸಿತ್ತು. ರಾಗಿ ಸರಿ ಕಾಸಲು ಒಲೆಯೂ ಇರಲಿಲ್ಲ, ಪುರುಸೊತ್ತೂ ಇರಲಿಲ್ಲ. ಆ ಮಗು ಹಸಿದು ಮಲಗಿರಲಿಕ್ಕಿಲ್ಲ. ಆದರೆ ಆ ಬಿಸ್ಕತ್ತಿನಿಂದ ಮೂಳೆ ಬೆಳೆಯುತ್ತಾ, ರಕ್ತ ಆಗುತ್ತಾ?

ಆರು ತಿಂಗಳಿಂದ ಎರಡು ವರ್ಷದವರೆಗಿನ ಹೊತ್ತು ಬಹಳ ಸೂಕ್ಷ್ಮ. ಪುಟ್ಟ ಹೊಟ್ಟೆ, ಒಂದೇ ಸಲಕ್ಕೆ ಜಾಸ್ತಿ ಹಿಡಿಯಲ್ಲ. ಬೇಳೆ, ಸೊಪ್ಪು, ಮೊಟ್ಟೆ, ಒಂದು ಚಮಚ ತುಪ್ಪ ಹಾಕಿ ಮೆತ್ತಗೆ ಕಿವುಚಿ ದಿನಕ್ಕೆ ಮೂರು ನಾಲ್ಕು ಸಲ ತಿನ್ನಿಸಬೇಕು. ನೀರು ಗಂಜಿ ಕುಡಿಸಿದರೆ ಹೊಟ್ಟೆ ತುಂಬುತ್ತೆ, ಅಷ್ಟೇ. 2019-21ರ ಅದೇ ಸಮೀಕ್ಷೆಯ ಪ್ರಕಾರ ಈ ವಯಸ್ಸಿನಲ್ಲಿ ಸಾಕಷ್ಟು ಆಹಾರ ಸಿಗುತ್ತಿದ್ದದ್ದು ದೇಶದಲ್ಲಿ ನೂರಕ್ಕೆ ಬರೀ 11 ಮಕ್ಕಳಿಗೆ.

ಅಂಗನವಾಡಿ ಇದೆಯಲ್ಲ ಅನ್ನಬಹುದು. ಇದೆ, 1975ರಿಂದ. ನಮ್ಮ ಟಿ. ನರಸೀಪುರವೂ ಆ ಯೋಜನೆಯ ಮೊದಲ ತಾಲೂಕುಗಳಲ್ಲಿ ಒಂದು. ಆದರೆ ಅಲ್ಲಿ ಬಿಸಿಯೂಟ ಮೂರು ವರ್ಷ ದಾಟಿದವರಿಗೆ. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಪೊಟ್ಟಣ ಕೊಡುತ್ತಾರೆ. ಅದನ್ನು ಬೇಯಿಸಿ ತಿನ್ನಿಸಲು ಮನೆಯಲ್ಲಿ ಯಾರಾದರೂ ಇರಬೇಕಲ್ವಾ? ಇದಕ್ಕೇ ನನಗೆ, ತಾಯಂದಿರು ಕೆಲಸಕ್ಕೆ ಹೋದಾಗ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಪಂಚಾಯಿತಿಗಳ 'ಕೂಸಿನ ಮನೆ' ಬಹಳ ಇಷ್ಟ. ನಗರದ ಕಟ್ಟಡ ಕೆಲಸದ ಜಾಗಗಳಲ್ಲೂ ಅಂಥದ್ದು ಬೇಕು. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಮಕ್ಕಳಿಗೆ ಕೋಣೆ ಕೊಡಲೇಬೇಕು ಅಂತ ಕಟ್ಟಡ ಕಾರ್ಮಿಕರ 1996ರ ಕಾನೂನೇ ಹೇಳಿತ್ತು.

ನಿಮ್ಮ ಬೀದಿಯಲ್ಲೂ ಕಟ್ಟಡ ಏಳುತ್ತಿದ್ದರೆ ಮಧ್ಯಾಹ್ನ ಒಂದು ಗಂಟೆಗೆ ಹೋಗಿ ನೋಡಿ ಬನ್ನಿ. ಅಲ್ಲಿನ ಮಕ್ಕಳ ಕೈಯಲ್ಲಿ ಏನಿತ್ತು ಅಂತ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

– ಸಂಪಾದಕ